ಆಕಾಶದಲ್ಲಿ ಎಂಜಿನ್ ಕೈಕೊಟ್ಟಾಗ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನದಲ್ಲಿ ಒಂದು ಎಂಜಿನ್ ನಿಂತರೆ ವಿಮಾನ ಬೀಳುವುದಿಲ್ಲ. ನಿಮ್ಮ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ನಿಯಮವೇ ಹಾಗಿದೆ. ಇನ್ನು ರನ್‌ವೇ ಮೇಲೆ ನಿಲ್ಲಿಸಲಾಗದು ಎನ್ನುವ ಕ್ಷಣದಲ್ಲೇ ಒಂದು ಎಂಜಿನ್ ಹೋದರೂ, ಉಳಿದ ಒಂದರ ಬಲದಲ್ಲಿ ನೆಲ ಬಿಟ್ಟು, ಒಣ ರನ್‌ವೇಯ ತುದಿಯನ್ನು ಕನಿಷ್ಠ 35 ಅಡಿ ಎತ್ತರದಲ್ಲಿ ದಾಟಬೇಕು. ಚಕ್ರ ಮಡಚಿದ ಮೇಲೆ ಪ್ರತಿ 100 ಮೀಟರ್ ದೂರಕ್ಕೆ 2.4 ಮೀಟರ್ ಏರಬೇಕು. ಇಷ್ಟು ತೋರಿಸದ ವಿಮಾನಕ್ಕೆ ಪ್ರಯಾಣಿಕರನ್ನು ಹೊರುವ ಪ್ರಮಾಣಪತ್ರವೇ ಸಿಗುವುದಿಲ್ಲ.

ಆದರೂ ಒಂದೇ ಎಂಜಿನ್‌ನ ತೊಂದರೆಯಿಂದ ಶುರುವಾಗಿ ಹತ್ತಾರು ಜನ ಸತ್ತ ಅಪಘಾತಗಳಿವೆ. ಆ ತನಿಖಾ ವರದಿಗಳನ್ನು ಓದುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಎಂಜಿನ್ ಕೆಟ್ಟ ಮೇಲೂ ಸಮಯವಿತ್ತು, ಅದನ್ನು ಬಳಸಿಕೊಳ್ಳಲಿಲ್ಲ. ಇವತ್ತಿನ ಮಾತು ಬಹುಪಾಲು ಆ ಸಮಯದ ಬಗ್ಗೆಯೇ. ಉದಾಹರಣೆಗೆ ಏರ್‌ಬಸ್ ಎ320 ವಿಮಾನವನ್ನು ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ಹಾರುವವರಲ್ಲಿ ಹೆಚ್ಚಿನವರು ಆ ಕುಟುಂಬದ ವಿಮಾನದಲ್ಲಿ ಒಮ್ಮೆಯಾದರೂ ಕೂತಿರುತ್ತೀರಿ.

ಟೇಕಾಫ್ ಓಟದಿಂದ ಶುರುಮಾಡೋಣ. ಅಲ್ಲಿ ಪೈಲಟ್‌ಗಳು ಜೋರಾಗಿ ಹೇಳುವ ಒಂದು ಪದ 'ವಿ-ಒನ್'. ಆ ದಿನದ ತೂಕ, ಬಿಸಿಲು, ಗಾಳಿ, ರನ್‌ವೇ ಉದ್ದ ಎಲ್ಲವನ್ನೂ ಲೆಕ್ಕಹಾಕಿ ಮೊದಲೇ ಗೊತ್ತುಮಾಡಿಟ್ಟ ವೇಗ ಅದು. ಎ320ಗೆ ಸಾಮಾನ್ಯವಾಗಿ 140 ನಾಟ್ ಆಸುಪಾಸು, ಅಂದರೆ ಗಂಟೆಗೆ ಸುಮಾರು 260 ಕಿಲೋಮೀಟರ್. ಅಲ್ಲಿಯವರೆಗೆ ಎಂಜಿನ್ ಕೆಟ್ಟರೆ ನಿಲ್ಲಿಸಬಹುದು. ದಾಟಿದ ಮೇಲೆ ಹಾರಲೇಬೇಕು. ವಿ-ಒನ್ ಎಂದ ಕೂಡಲೇ ಕ್ಯಾಪ್ಟನ್ ಥ್ರಸ್ಟ್ ಲಿವರ್, ಅಂದರೆ ಎಂಜಿನ್ ಬಲ ಏರಿಸಿ ಇಳಿಸುವ ಹಿಡಿಕೆಯ ಮೇಲಿಂದ ಕೈ ತೆಗೆಯುತ್ತಾರೆ. ಕೈ ಅಲ್ಲೇ ಇದ್ದರೆ ಢಂ ಎಂಬ ಸದ್ದಿಗೆ ಬೆಚ್ಚಿ ಲಿವರ್ ಹಿಂದಕ್ಕೆ ಎಳೆಯುವ ಅಪಾಯವಿದೆ. ವಿ-ಒನ್‌ಗೆ ಮುಂಚೆ ಕೂಡ, 100 ನಾಟ್ ದಾಟಿದ ಮೇಲೆ ಸಣ್ಣಪುಟ್ಟ ಎಚ್ಚರಿಕೆಗಳಿಗೆಲ್ಲ ನಿಲ್ಲಿಸುವುದಿಲ್ಲ. ಬೆಂಕಿ, ದಿಢೀರನೆ ಬಲ ಕುಸಿದದ್ದು, ಭಾರೀ ಹಾನಿ, ವಿಮಾನ ಹಾರಲಾರದು ಎನ್ನಿಸುವ ಸ್ಪಷ್ಟ ಲಕ್ಷಣ, ಇಂಥ ಕೆಲವೇ ಕಾರಣಗಳಿಗೆ ಬ್ರೇಕ್.

ಊರಿನ ಎತ್ತರವೂ ಈ ಲೆಕ್ಕದಲ್ಲಿ ಸೇರುತ್ತದೆ. ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲೆ. ಗಾಳಿ ತೆಳು, ಎಂಜಿನ್‌ಗೆ ಬಲ ಕಡಿಮೆ, ರೆಕ್ಕೆಗೆ ಹೆಚ್ಚು ವೇಗ ಬೇಕು. ಅಲ್ಲಿ 4000 ಮೀಟರ್ ಉದ್ದದ ರನ್‌ವೇ ಇರುವುದರಿಂದ ಓಡಲು ಜಾಗಕ್ಕೆ ಕೊರತೆಯಿಲ್ಲ. ಮಂಗಳೂರಿನ ಟೇಬಲ್‌ಟಾಪ್ ರನ್‌ವೇ 2450 ಮೀಟರ್, ಸುತ್ತ ಗುಡ್ಡ ಕಣಿವೆ. ಇಂಥ ಕಡೆ ವಿಮಾನ ಎಷ್ಟು ತೂಕ ಹೊರಬಹುದು ಎಂಬುದನ್ನು ಎರಡೂ ಎಂಜಿನ್ ಓಡುವಾಗಿನ ಸಾಮರ್ಥ್ಯದಿಂದ ತೀರ್ಮಾನಿಸುವುದಿಲ್ಲ. ಒಂದು ನಿಂತಾಗಿನ ಸಾಮರ್ಥ್ಯದಿಂದ ತೀರ್ಮಾನಿಸುತ್ತಾರೆ. ಎದುರಿಗೆ ಗುಡ್ಡವಿದ್ದರೆ ಒಂದೇ ಎಂಜಿನ್‌ನಲ್ಲಿ ಏರಬೇಕಾದ ಬೇರೆಯೇ ದಾರಿಯನ್ನು ವಿಮಾನ ಸಂಸ್ಥೆ ಮೊದಲೇ ಬರೆದಿಟ್ಟಿರುತ್ತದೆ. ಟೇಕಾಫ್‌ಗೆ ಮುಂಚಿನ ಮಾತುಕತೆಯಲ್ಲಿ ಪೈಲಟ್‌ಗಳು ಅದನ್ನು ಬಾಯಿಬಿಟ್ಟು ಹೇಳಿಕೊಂಡಿರುತ್ತಾರೆ: ಎಂಜಿನ್ ಹೋದರೆ ಯಾವ ಕಡೆ ತಿರುಗುವುದು, ಎಷ್ಟು ಎತ್ತರದವರೆಗೆ ಏರುವುದು.

ಈಗ ವಿಮಾನ ನೆಲ ಬಿಟ್ಟಿದೆ, ಎಡಗಡೆ ಎಂಜಿನ್ ನಿಂತಿದೆ ಎಂದುಕೊಳ್ಳಿ. ಜೋಡೆತ್ತಿನ ಗಾಡಿಯಲ್ಲಿ ಎಡದ ಎತ್ತು ನಿಂತುಬಿಟ್ಟರೆ ಬಲದ್ದು ಗಾಡಿಯನ್ನು ಎಡಕ್ಕೆ ತಿರುಗಿಸುತ್ತದೆ. ಇಲ್ಲೂ ಅದೇ ಆಗುತ್ತದೆ: ಮೂತಿ ಸತ್ತ ಎಂಜಿನ್ ಕಡೆಗೆ ಹೊರಳುತ್ತದೆ, ಹಿಂದೆಯೇ ಆ ಬದಿಯ ರೆಕ್ಕೆ ಬಾಗುತ್ತದೆ. ಇದಕ್ಕೆ ಮದ್ದು ರಡ್ಡರ್ ಪೆಡಲ್, ಬಾಲದ ಚುಕ್ಕಾಣಿಯನ್ನು ಹೊರಳಿಸುವ ಕಾಲ್ತುಳಿ. ಓಡುತ್ತಿರುವ ಎಂಜಿನ್ ಕಡೆಯ ಕಾಲಿನಿಂದ, ಇಲ್ಲಿ ಬಲಗಾಲಿನಿಂದ, ಮೂತಿ ನೆಟ್ಟಗಾಗುವಷ್ಟು ಒತ್ತಬೇಕು. ಎ320ಯ ಪರದೆಯಲ್ಲಿ ಆಗ ನೀಲಿ ಬಣ್ಣದ ಒಂದು ಸಣ್ಣ ಗುರುತು ಬರುತ್ತದೆ. ಅದು ನಡುವಿಗೆ ಬರುವಷ್ಟು ಪೆಡಲ್ ಒತ್ತಿದರೆ ಸರಿ. ಮೂತಿಯನ್ನು ಎಂದಿನ 15 ಡಿಗ್ರಿ ಆಸುಪಾಸಿನ ಬದಲು 12.5 ಡಿಗ್ರಿಗೆ ಏರಿಸಿ, ಆಮೇಲೆ ಪರದೆ ತೋರಿಸುವ ವೇಗವನ್ನು ಹಿಡಿಯಬೇಕು. ವಿಮಾನ ಏರುತ್ತಿರುವುದು ಖಚಿತವಾದ ಕೂಡಲೇ ಚಕ್ರ ಮೇಲಕ್ಕೆ, ಏಕೆಂದರೆ ತೂಗುವ ಚಕ್ರ ಗಾಳಿಯನ್ನು ತಡೆದು ಇದ್ದ ಅಲ್ಪ ಏರಿಕೆಯನ್ನೂ ತಿನ್ನುತ್ತದೆ.

ಅಷ್ಟೇ. ಎಚ್ಚರಿಕೆ ಗಂಟೆ ಬಡಿದುಕೊಳ್ಳುತ್ತಿದ್ದರೆ ಅದನ್ನು ಸುಮ್ಮನಾಗಿಸಬಹುದು. ನೆಲದಿಂದ 400 ಅಡಿ ಮುಟ್ಟುವವರೆಗೆ ಎಂಜಿನ್‌ಗೆ ಸಂಬಂಧಿಸಿದ ಯಾವ ಸ್ವಿಚ್ಚನ್ನೂ ಯಾರೂ ಮುಟ್ಟಬಾರದು.

ಇಲ್ಲಿ ಬಹಳ ಜನ ಹೌಹಾರುತ್ತಾರೆ. ಎಂಜಿನ್‌ಗೆ ಬೆಂಕಿ ಬಿದ್ದಿದ್ದರೂ ಕಾಯಬೇಕೇ? ಕಾಯಬೇಕು. ಪೂರ್ತಿ ತೂಕದ ವಿಮಾನ ಒಂದೇ ಎಂಜಿನ್‌ನಲ್ಲಿ 400 ಅಡಿ ಏರಲು ಸುಮಾರು ಒಂದು ನಿಮಿಷವೇ ಹಿಡಿಯಬಹುದು. ಆ ನಿಮಿಷವನ್ನು ಕೊಡಲೆಂದೇ ಎಂಜಿನ್ ಇರುವ ಜಾಗವನ್ನು ಕಟ್ಟಿರುತ್ತಾರೆ. ಎಂಜಿನ್ ರೆಕ್ಕೆಯ ಒಳಗಿಲ್ಲ, ಕೆಳಗೆ ನೇತಾಡುತ್ತಿದೆ. ಬೆಂಕಿ ತಗುಲಬಹುದಾದ ಭಾಗವನ್ನು ಬೆಂಕಿಗೋಡೆಗಳು ಬೇರ್ಪಡಿಸಿರುತ್ತವೆ. ಬೆಂಕಿನಿರೋಧಕ ಎಂದು ಕರೆಸಿಕೊಳ್ಳುವ ಭಾಗ ಸುಮಾರು 1100 ಡಿಗ್ರಿ ಸೆಲ್ಸಿಯಸ್ ಜ್ವಾಲೆಯನ್ನು 15 ನಿಮಿಷ ತಡೆದು ನಿಲ್ಲಬೇಕೆಂಬುದು ಮಾನದಂಡ. ಒಂದು ನಿಮಿಷ ಕಾದರೆ ರೆಕ್ಕೆ ಕಳಚುವುದಿಲ್ಲ. ಆದರೆ 150 ಅಡಿ ಎತ್ತರದಲ್ಲಿ ಇಬ್ಬರೂ ತಲೆ ಬಗ್ಗಿಸಿ ಸ್ವಿಚ್ ಹುಡುಕುತ್ತಿದ್ದು, ವೇಗ ಬಿದ್ದರೆ ತಿದ್ದಿಕೊಳ್ಳಲು ಕೆಳಗೆ ಜಾಗವೇ ಇರುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಕಾಕ್‌ಪಿಟ್ ಗೋಡೆಗೆ ಬರೆಯುವುದಾದರೆ ಬರೆಯಬೇಕಾದ ಜಾಗ ಇದೇ.

400 ಅಡಿ ದಾಟಿತು, ವಿಮಾನ ಹತೋಟಿಯಲ್ಲಿದೆ, ಆಟೋಪೈಲಟ್ ಹಾಕಿಯಾಗಿದೆ. ಈಗ ಕೆಲಸ ಹಂಚಿಕೆ. ಒಬ್ಬರು ಪೈಲಟ್ ಫ್ಲೈಯಿಂಗ್: ವಿಮಾನ ಹಾರಿಸುವುದು, ರೇಡಿಯೋದಲ್ಲಿ ಮಾತಾಡುವುದು. ಇನ್ನೊಬ್ಬರು ಪೈಲಟ್ ಮಾನಿಟರಿಂಗ್: ಪರದೆ ಓದುವುದು, ಅದು ಹೇಳಿದ ಕೆಲಸ ಮಾಡುವುದು. ಏರ್‌ಬಸ್‌ನ ಇಕ್ಯಾಮ್ ಪರದೆ ಏನು ಕೆಟ್ಟಿದೆ, ಮುಂದೇನು ಮಾಡಬೇಕು ಎಂದು ಸಾಲುಸಾಲಾಗಿ ತೋರಿಸುತ್ತದೆ. ಆದರೆ ಕೆಲಸಕ್ಕೆ ಕೈ ಹಾಕುವ ಮೊದಲು ಎಂಜಿನ್‌ಗೆ ಆಗಿರುವುದೇನು ಎಂದು ಇಬ್ಬರೂ ನೋಡಿ ಒಪ್ಪಬೇಕು. ಅದಕ್ಕೆ ಬೇಕಾದ ಅಂಕಿಗಳೆಲ್ಲ ಕಣ್ಣೆದುರೇ ಇವೆ: ಎನ್1 ಎಂದರೆ ಮುಂದಿನ ದೊಡ್ಡ ಫ್ಯಾನ್‌ನ ವೇಗ, ಎನ್2 ಎಂದರೆ ಒಳಗಿನ ತಿರುಳಿನ ವೇಗ, ಇಜಿಟಿ ಎಂದರೆ ಹೊರಬರುವ ಅನಿಲದ ಬಿಸಿ. ಇವುಗಳ ಜೊತೆಗೆ ಇಂಧನದ ಹರಿವು, ಆಯಿಲ್ ಒತ್ತಡ, ನಡುಕ.

ಎಲ್ಲ ಅಂಕಿಗಳೂ ಒಟ್ಟಿಗೆ ಮೆಲ್ಲಗೆ ಇಳಿದಿವೆ, ನಡುಕವಿಲ್ಲ, ಸದ್ದಾಗಿಲ್ಲ, ಗಾಳಿಯ ಹೊಡೆತಕ್ಕೆ ಎನ್1 ಎನ್2 ಇನ್ನೂ ತಿರುಗುತ್ತಿವೆ ಎಂದರೆ ಒಳಗಿನ ಉರಿ ಆರಿದೆ ಎಂದರ್ಥ. ಇಂಥ ಎಂಜಿನ್ ಮತ್ತೆ ಹೊತ್ತಿಕೊಳ್ಳಬಹುದು. ದೊಡ್ಡ ಸದ್ದು, ಮೈನಡುಗಿಸುವ ಕಂಪನ, ಎನ್1 ಅಥವಾ ಎನ್2 ಸೊನ್ನೆಗೆ ಬಂದಿದ್ದರೆ ಒಳಗೆ ಏನೋ ಮುರಿದಿದೆ. ಅದನ್ನು ಮತ್ತೆ ಚಾಲೂ ಮಾಡುವ ಯೋಚನೆಯೇ ಬೇಡ. ಮೂರನೆಯದು ಪ್ರಯಾಣಿಕರನ್ನು ಎಲ್ಲಕ್ಕಿಂತ ಹೆದರಿಸುವಂಥದ್ದು: ತುಪಾಕಿ ಹಾರಿಸಿದಂತೆ ಢಂ ಢಂ ಸದ್ದು, ಎಂಜಿನ್ ಹಿಂದಿನಿಂದ, ಕೆಲವೊಮ್ಮೆ ಮುಂದಿನಿಂದಲೂ ಬೆಂಕಿಯ ನಾಲಗೆ. ಇದನ್ನು ಸರ್ಜ್ ಅನ್ನುತ್ತಾರೆ. ಒಳಬಂದ ಗಾಳಿಯನ್ನು ಒತ್ತುವ ಭಾಗವಾದ ಕಂಪ್ರೆಸರ್‌ನ ಬ್ಲೇಡ್‌ಗಳ ಮೇಲೆ ಗಾಳಿ ಸರಿಯಾಗಿ ಹರಿಯದೆ ಒತ್ತಡ ತಿರುಗಿ ಮುಂದಕ್ಕೆ ನುಗ್ಗುವುದರಿಂದ ಹೀಗಾಗುತ್ತದೆ. ಹಕ್ಕಿ ನುಗ್ಗಿರಬಹುದು, ಬ್ಲೇಡ್ ಸವೆದಿರಬಹುದು. ಆ ಜ್ವಾಲೆ ನೋಡಿ ಎಂಜಿನ್ ಹೊತ್ತಿ ಉರಿಯುತ್ತಿದೆ ಎನ್ನುವಂತಿಲ್ಲ. ಥ್ರಸ್ಟ್ ಲಿವರ್ ಐಡಲ್‌ಗೆ, ಅಂದರೆ ಅತಿ ಕಡಿಮೆ ಬಲಕ್ಕೆ ತಂದು ಅಂಕಿ ನೋಡಬೇಕು. ಅವು ಸರಿಯಾದರೆ ಎಂಜಿನ್ ಮತ್ತು ರೆಕ್ಕೆಯ ಹಿಮನಿರೋಧಕ ಗಾಳಿಯನ್ನು ತೆರೆದು, ಲಿವರ್ ನಿಧಾನವಾಗಿ ಮುಂದೆ ತಳ್ಳಿ ನೋಡಬಹುದು. ಹಿಮನಿರೋಧಕ ತೆರೆದರೆ ಕಂಪ್ರೆಸರ್‌ನಿಂದ ಸ್ವಲ್ಪ ಗಾಳಿ ಹೊರಹೋಗಿ ಅದರ ಮೇಲಿನ ಒತ್ತಡ ಇಳಿಯುತ್ತದೆ. ಅಂಕಿ ಸರಿಯಾಗದಿದ್ದರೆ ಎಂಜಿನ್ ಆರಿಸಬೇಕು.

ಇನ್ನು ನಿಜವಾದ ಬೆಂಕಿ. ಎಂಜಿನ್ ಸುತ್ತ ಬೆಂಕಿ ಪತ್ತೆ ಮಾಡುವ ಎರಡು ಸರಪಣಿಗಳಿವೆ, ಎ ಮತ್ತು ಬಿ. ಎರಡೂ ಬಿಸಿ ಕಂಡರೆ ಗಂಟೆ ಹೊಡೆಯುತ್ತದೆ. ಒಂದು ಕೆಟ್ಟಿದ್ದಾಗ ಇನ್ನೊಂದು ಕಂಡರೂ ಹೊಡೆಯುತ್ತದೆ. ಎರಡೂ 5 ಸೆಕೆಂಡಿನೊಳಗೆ ಒಂದರ ಹಿಂದೊಂದು ತುಂಡಾದರೆ ಜ್ವಾಲೆಯೇ ತುಂಡು ಮಾಡಿದೆ ಎಂದು ಲೆಕ್ಕ ಹಿಡಿದು ಆಗಲೂ ಹೊಡೆಯುತ್ತದೆ. ಮಾಡಬೇಕಾದ ಕೆಲಸದ ಕ್ರಮ ಹೀಗೆ: ಆ ಎಂಜಿನ್‌ನ ಥ್ರಸ್ಟ್ ಲಿವರ್ ಐಡಲ್‌ಗೆ, ಎಂಜಿನ್ ಚಾಲೂ ಮಾಡುವ, ಆರಿಸುವ ಮಾಸ್ಟರ್ ಸ್ವಿಚ್ ಆಫ್, ತಲೆಯ ಮೇಲಿನ ಪ್ಯಾನಲ್‌ನಲ್ಲಿ ಅದರ ಫೈರ್ ಗುಂಡಿ ಒತ್ತುವುದು. ಆ ಒಂದು ಗುಂಡಿ ಇಂಧನದ ಕವಾಟ, ಹೈಡ್ರಾಲಿಕ್ ಕವಾಟ, ಎಂಜಿನ್‌ನಿಂದ ಕ್ಯಾಬಿನ್‌ಗೆ ಬರುವ ಗಾಳಿಯ ಕವಾಟ ಎಲ್ಲವನ್ನೂ ಮುಚ್ಚುತ್ತದೆ, ಜನರೇಟರ್ ಕಡಿಯುತ್ತದೆ, ಬೆಂಕಿ ನಂದಿಸುವ ಬಾಟಲಿಗಳನ್ನು ಸಿದ್ಧ ಮಾಡುತ್ತದೆ. ಆಮೇಲೆ 10 ಸೆಕೆಂಡ್ ಕಾಯಬೇಕು. ತಿರುಗುತ್ತಿರುವ ಎಂಜಿನ್ ನಿಧಾನವಾಗಿ ಒಳಗಿನ ಗಾಳಿ ಕಡಿಮೆಯಾದರೆ ಬಾಟಲಿಯಲ್ಲಿರುವ ಬೆಂಕಿ ನಂದಿಸುವ ಅನಿಲ, ಹ್ಯಾಲಾನ್, ಅಲ್ಲೇ ನಿಲ್ಲುತ್ತದೆ. ಇಲ್ಲವಾದರೆ ಗಾಳಿಯೊಡನೆ ಹಾರಿಹೋಗುತ್ತದೆ. ಕಾದ ಮೇಲೆ ಮೊದಲ ಬಾಟಲಿ. 30 ಸೆಕೆಂಡ್ ಆದರೂ ಕೆಂಪು ದೀಪ ಆರದಿದ್ದರೆ ಎರಡನೆಯದು. ಎಂಜಿನ್ ಒಂದಕ್ಕೆ ಎರಡೇ ಬಾಟಲಿ.

ಈ ಸರಣಿಯಲ್ಲಿ ಒಂದು ಕಡ್ಡಾಯದ ಹೆಜ್ಜೆ ಹೆಣೆದುಕೊಂಡಿದೆ. ಲಿವರ್, ಮಾಸ್ಟರ್ ಸ್ವಿಚ್, ಫೈರ್ ಗುಂಡಿ, ಇವುಗಳಲ್ಲಿ ಯಾವುದನ್ನೇ ಆಗಲಿ ಮಾನಿಟರಿಂಗ್ ಪೈಲಟ್ ಮೊದಲು ಬೆರಳಿಟ್ಟು ತೋರಿಸಿ 'ಎಂಜಿನ್ ಒಂದರ ಮಾಸ್ಟರ್, ಸರಿಯೇ?' ಎಂದು ಕೇಳಬೇಕು. ಇನ್ನೊಬ್ಬರು ಕಣ್ಣಿಂದ ನೋಡಿ 'ಸರಿ' ಎಂದ ಮೇಲಷ್ಟೇ ಅದನ್ನು ಕದಲಿಸಬೇಕು. ಇದಕ್ಕೆ ಹಿಡಿಯುವುದು ಮೂರ್ನಾಲ್ಕು ಸೆಕೆಂಡ್. ಆ ಮೂರ್ನಾಲ್ಕು ಸೆಕೆಂಡ್ ಯಾಕೆ ಬೇಕು ಎಂಬುದನ್ನು ಎರಡು ಅಪಘಾತಗಳು ಹೇಳುತ್ತವೆ.

1989ರ ಜನವರಿ 8. ಲಂಡನ್‌ನ ಹೀಥ್ರೂವಿನಿಂದ ಬೆಲ್‌ಫಾಸ್ಟ್‌ಗೆ ಹೊರಟಿದ್ದ ಬ್ರಿಟಿಷ್ ಮಿಡ್‌ಲ್ಯಾಂಡ್‌ನ ಬೋಯಿಂಗ್ 737-400. ಒಳಗೆ 126 ಜನ. 28 ಸಾವಿರ ಅಡಿ ದಾಟಿ ಏರುತ್ತಿದ್ದಾಗ ಎಡ ಎಂಜಿನ್‌ನ ಒಂದು ಫ್ಯಾನ್ ಬ್ಲೇಡ್‌ನ ಹೊರತುಂಡು ಮುರಿಯಿತು. ವಿಮಾನ ಗಡಗಡ ನಡುಗಿತು, ಕಾಕ್‌ಪಿಟ್‌ಗೆ ಸುಟ್ಟ ವಾಸನೆ ಬಂತು. ಯಾವ ಎಂಜಿನ್ ಎಂದು ಕ್ಯಾಪ್ಟನ್ ಕೇಳಿದರು. ಸಹಪೈಲಟ್ ಮೊದಲು ಎಡ ಎನ್ನಹೊರಟು, ಅರ್ಧಕ್ಕೆ ನಿಲ್ಲಿಸಿ ಬಲ ಎಂದರು. ಬಲಗಡೆ ಎಂಜಿನ್‌ನ ಶಕ್ತಿ ಇಳಿಸಿದರು, ಸ್ವಲ್ಪ ಹೊತ್ತಿನಲ್ಲಿ ಅದನ್ನು ಆರಿಸಿಯೇಬಿಟ್ಟರು.

ಇಷ್ಟು ದೊಡ್ಡ ತಪ್ಪು ತಪ್ಪೆಂದು ಗೊತ್ತಾಗದಿದ್ದುದು ಹೇಗೆ? ಬಲಗಡೆ ಎಂಜಿನ್‌ನ ಶಕ್ತಿ ಇಳಿಸಿದಾಗ ನಡುಕ ತಗ್ಗಿದಂತೆ ಕಂಡಿತು. ನಿಜವಾಗಿ ಆದದ್ದೇ ಬೇರೆ. ಲಿವರ್ ಮುಟ್ಟುವ ಮೊದಲು ಅವರು ಎಂಜಿನ್ ಬಲವನ್ನು ತಾನಾಗಿ ಹೊಂದಿಸುವ ಆಟೋಥ್ರಾಟಲ್ ತೆಗೆದಿದ್ದರು. ಮುರಿದ ಬ್ಲೇಡ್‌ನ ಎಡ ಎಂಜಿನ್‌ಗೆ ಅದು ಹೆಚ್ಚೆಚ್ಚು ಇಂಧನ ಸುರಿಯುತ್ತಿದ್ದುದು ನಿಂತಿತು, ಎಡ ಎಂಜಿನ್ ಒಂದು ಮಟ್ಟಕ್ಕೆ ಬಂದು ನೆಲೆನಿಂತಿತು. ಹಳೆಯ ಮಾದರಿಯ ವಿಮಾನಗಳಲ್ಲಿ ನಡುಕದ ಮೀಟರ್‌ಗಳನ್ನು ನಂಬುವಂತಿರಲಿಲ್ಲ, ಆದ್ದರಿಂದ ಅತ್ತ ನೋಡುವ ರೂಢಿಯೂ ಇರಲಿಲ್ಲ. ಹೊಸ ವಿಮಾನದ ಮೀಟರ್ ನಿಜವನ್ನೇ ತೋರಿಸುತ್ತಿತ್ತು, ಆದರೆ ಅದು ಚಿಕ್ಕದಾಗಿತ್ತು. ಏನೇನು ಲಕ್ಷಣ ಕಂಡೆವು ಎಂದು ಕ್ಯಾಪ್ಟನ್ ಮತ್ತೆ ಮೊದಲಿನಿಂದ ಯೋಚಿಸಲು ಶುರುಮಾಡಿದ್ದರು. ಅಷ್ಟರಲ್ಲಿ ರೇಡಿಯೋ ಕರೆ ಬಂತು, ಮಾತು ಅಲ್ಲಿಗೇ ನಿಂತಿತು. ನಮ್ಮ ಮಟ್ಟಿಗೆ ಆ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು. ಸರಿ ದಾರಿಗೆ ಮರಳುವ ಬಾಗಿಲು ತೆರೆದಿತ್ತು, ಗದ್ದಲದಲ್ಲಿ ಮುಚ್ಚಿಹೋಯಿತು.

ಕ್ಯಾಪ್ಟನ್ ಮೈಕ್‌ನಲ್ಲಿ ಬಲ ಎಂಜಿನ್ ಆರಿಸಿದ್ದೇವೆ ಎಂದು ಪ್ರಯಾಣಿಕರಿಗೂ ಹೇಳಿದರು. ಹಿಂದೆ ಕೂತವರಲ್ಲಿ ಹಲವರು ಎಡ ಎಂಜಿನ್‌ನಿಂದ ಕಿಡಿ, ಬೆಂಕಿ ಬರುವುದನ್ನು ಕಣ್ಣಾರೆ ಕಂಡಿದ್ದರು. ಯಾರೂ ಕಾಕ್‌ಪಿಟ್‌ಗೆ ಹೇಳಲಿಲ್ಲ. ಪೈಲಟ್‌ಗಳಿಗೆ ಗೊತ್ತಿರುತ್ತದೆ ಬಿಡಿ ಎಂದುಕೊಂಡರು. ಈಸ್ಟ್ ಮಿಡ್‌ಲ್ಯಾಂಡ್ಸ್ ನಿಲ್ದಾಣಕ್ಕೆ ಇಳಿಯುವಾಗ, ರನ್‌ವೇ ಇನ್ನೂ ಎರಡೂವರೆ ಮೈಲಿಯಷ್ಟು ದೂರವಿರುವಾಗ ಎಡ ಎಂಜಿನ್ ಪೂರ್ತಿ ನಿಂತಿತು. ಕೆಗ್‌ವರ್ತ್ ಹಳ್ಳಿಯ ಬಳಿ ಹೆದ್ದಾರಿಯ ಏರಿಗೆ ವಿಮಾನ ಬಡಿಯಿತು. 47 ಜನ ಸತ್ತರು. ಆರಿಸಿದ್ದ ಬಲ ಎಂಜಿನ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಎರಡನೆಯದು 2015ರ ಫೆಬ್ರವರಿ 4, ತೈಪೆ. ಟ್ರಾನ್ಸ್ಏಷ್ಯಾದ ಎಟಿಆರ್ 72, ಮೈಸೂರು ಹುಬ್ಬಳ್ಳಿಗಳಲ್ಲಿ ನೀವು ಕಂಡಿರುವ ಎರಡು ಪ್ರೊಪೆಲ್ಲರ್‌ಗಳ ವಿಮಾನದ ಜಾತಿಯದೇ. ನೆಲ ಬಿಟ್ಟು 1200 ಅಡಿ ಆಸುಪಾಸಿನಲ್ಲಿ ಬಲಗಡೆಯ ಎರಡನೇ ಪ್ರೊಪೆಲ್ಲರ್ ತಾನೇ ಎಲೆಗಳ ಅಂಚನ್ನು ಗಾಳಿಗೆದುರಾಗಿ ತಿರುಗಿಸಿಕೊಂಡು ಬಲ ಕೊಡುವುದನ್ನು ನಿಲ್ಲಿಸಿತು. ಕಾರಣ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದರ ಬೆಸುಗೆಯಲ್ಲಿ ಬಿರುಕು. ಒಂದನೇ ಎಂಜಿನ್ನಿನ, ಅಂದರೆ ಎಡಗಡೆಯದರ ಲಿವರ್ ಹಿಂದಕ್ಕೆ ಎಳೆಯುತ್ತೇನೆ ಎಂದು ಕ್ಯಾಪ್ಟನ್ ಹೇಳಿದಾಗ ಪಕ್ಕದವರು ತಡೆಯಿರಿ, ಒಮ್ಮೆ ನೋಡೋಣ ಎಂದರು. ಕೈ ನಿಲ್ಲಲಿಲ್ಲ. ಚೆನ್ನಾಗಿದ್ದ ಒಂದನೇ ಎಂಜಿನ್ ಮೊದಲು ತಗ್ಗಿತು, ಆಮೇಲೆ ಆರಿತು. ತಪ್ಪು ಗೊತ್ತಾಗಿ ಮತ್ತೆ ಚಾಲೂ ಮಾಡುವ ಹೊತ್ತಿಗೆ ಎತ್ತರ ಉಳಿದಿರಲಿಲ್ಲ. ವಿಮಾನದಲ್ಲಿದ್ದ 58 ಜನರಲ್ಲಿ 43 ಜನ ಸತ್ತರು. ಇಬ್ಬರು ಪೈಲಟ್‌ಗಳಿರುವುದು ಒಬ್ಬರು 'ತಡೆಯಿರಿ' ಎಂದಾಗ ಇನ್ನೊಬ್ಬರು ತಡೆಯಲೆಂದು. ಇದನ್ನು ತರಬೇತಿಯಲ್ಲಿ ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಇದಕ್ಕೆ ಎದುರಾಗಿ 2022ರ ಜೂನ್ 19ರ ಪಟ್ನಾ ಘಟನೆಯನ್ನು ಇಡಬಹುದು. ದೆಹಲಿಗೆ ಹೊರಟಿದ್ದ ಸ್ಪೈಸ್‌ಜೆಟ್‌ನ ಬೋಯಿಂಗ್ 737ರಲ್ಲಿ 185 ಪ್ರಯಾಣಿಕರಿದ್ದರು. ನೆಲ ಬಿಡುವಾಗಲೇ ಎಡ ಎಂಜಿನ್‌ಗೆ ಹಕ್ಕಿ ಬಡಿದ ಅನುಮಾನ ಬಂತು, ಆದರೆ ಅಸಹಜವಾದದ್ದೇನೂ ಕಾಣದೆ ಪೈಲಟ್‌ಗಳು ಏರಿಕೆ ಮುಂದುವರಿಸಿದರು. ಎಡ ಎಂಜಿನ್‌ನಿಂದ ಕಿಡಿ ಬರುತ್ತಿದೆ ಎಂದು ನೆಲದ ವಿಮಾನ ಸಂಚಾರ ನಿಯಂತ್ರಣ ಕೇಂದ್ರ (ಎಟಿಸಿ) ಹೇಳಿತು. ಕ್ಯಾಬಿನ್ ಸಿಬ್ಬಂದಿಯೂ ಅದನ್ನೇ ತಿಳಿಸಿದರು. ಪೈಲಟ್‌ಗಳು ಆ ಎಂಜಿನ್ ಆರಿಸಿ ಪಟ್ನಾಕ್ಕೇ ಮರಳಿ ಇಳಿದರು, ಯಾರಿಗೂ ಏನೂ ಆಗಲಿಲ್ಲ. ನೆಲದ ಮೇಲೆ ನೋಡಿದಾಗ ಫ್ಯಾನ್ ಬ್ಲೇಡ್‌ಗಳಿಗೆ ಪೆಟ್ಟಾಗಿತ್ತು. ಕಾಕ್‌ಪಿಟ್‌ನಿಂದ ಕತ್ತು ತಿರುಗಿಸಿದರೂ ಎ320, 737 ವಿಮಾನಗಳ ಎಂಜಿನ್ ಕಾಣುವುದಿಲ್ಲ. ನಿಮ್ಮ ಕಿಟಕಿಗೆ ಕಾಣುತ್ತದೆ. ಆದ್ದರಿಂದ ಕಂಡದ್ದನ್ನು ಸಿಬ್ಬಂದಿಗೆ ಹೇಳಿ: ಎಡವೋ ಬಲವೋ, ಬೆಂಕಿಯೋ ಹೊಗೆಯೋ, ಬಿಡದೆ ಬರುತ್ತಿದೆಯೋ ಬಂದು ನಿಂತಿತೋ. ಎಡಬಲ ಹೇಳುವಾಗ ವಿಮಾನದ ಮೂತಿಗೆ ಮುಖ ಮಾಡಿದ ಎಡಬಲವನ್ನೇ ಹೇಳಿ.

ಎಂಜಿನ್ ಆರಿಸಿ ಭದ್ರ ಮಾಡಿದ ಮೇಲೆ ಉಳಿದದ್ದು ಹೆಚ್ಚುಕಡಿಮೆ ದಿನನಿತ್ಯದ ಕೆಲಸವೇ, ಸ್ವಲ್ಪ ಭಾರವಾಗಿ. ವಿಮಾನವನ್ನು ಸಮಮಟ್ಟಕ್ಕೆ ತಂದು ವೇಗ ಹೆಚ್ಚಿಸಿ, ಟೇಕಾಫ್‌ಗೆಂದು ರೆಕ್ಕೆಯಿಂದ ಚಾಚಿದ್ದ ಫ್ಲ್ಯಾಪ್ ಮಡಚುತ್ತಾರೆ. ಒಂದೇ ಎಂಜಿನ್ ಇದ್ದಾಗ ಅದರ ಪೂರ್ಣ ಟೇಕಾಫ್ ಬಲವನ್ನು 10 ನಿಮಿಷ ಬಳಸಬಹುದು, ಆಮೇಲೆ ನಿರಂತರ ಬಲದ ಮಟ್ಟಕ್ಕೆ ಇಳಿಸಬೇಕು. ಎಡ ಎಂಜಿನ್ 'ಹಸಿರು' ಎಂಬ ಹೈಡ್ರಾಲಿಕ್ (ದ್ರವದ ಒತ್ತಡದ) ವ್ಯವಸ್ಥೆಯನ್ನೂ ಬಲದ್ದು 'ಹಳದಿ' ಎಂಬುದನ್ನೂ ನಡೆಸುತ್ತದೆ. ಒಂದು ಎಂಜಿನ್ ನಿಂತರೂ ಇನ್ನೊಂದು ಬದಿಯ ಒತ್ತಡದಿಂದ ನಿಂತ ಬದಿಯ ಹೈಡ್ರಾಲಿಕ್‌ಗೆ ಬಲ ಕೊಡುವ ವ್ಯವಸ್ಥೆಯಿದೆ. ನಿಂತ ಜನರೇಟರ್ ಬದಲಿಗೆ ಬಾಲದಲ್ಲಿರುವ ಸಣ್ಣ ಎಂಜಿನ್, ಎಪಿಯು, ಚಾಲೂ ಮಾಡಿಕೊಳ್ಳುತ್ತಾರೆ. ಎಟಿಸಿಗೆ ಮೇಡೇ ಕರೆ, ಒಳಗಿರುವ ಜನರ ಸಂಖ್ಯೆ, ಉಳಿದ ಇಂಧನ. ಕ್ಯಾಬಿನ್ ಮುಖ್ಯಸ್ಥರನ್ನು ಕರೆದು ನಾಲ್ಕು ವಿಷಯ: ಏನಾಗಿದೆ, ಏನು ಮಾಡುತ್ತೇವೆ, ಎಷ್ಟು ಹೊತ್ತಿದೆ, ವಿಶೇಷ ಸೂಚನೆ ಏನು.

ನೆತ್ತಿಯ ಎತ್ತರದಲ್ಲಿ, ಅಂದರೆ 35 ಸಾವಿರ ಅಡಿಯಲ್ಲಿ ಎಂಜಿನ್ ನಿಂತರೆ ಅವಸರಕ್ಕೆ ಇನ್ನೂ ಕಡಿಮೆ ಕಾರಣವಿದೆ. ಅಷ್ಟು ಎತ್ತರದಲ್ಲಿ ಒಂದೇ ಎಂಜಿನ್ ವಿಮಾನವನ್ನು ಹಿಡಿದು ನಿಲ್ಲಿಸಲಾರದು, ತೂಕಕ್ಕೆ ತಕ್ಕಂತೆ 20ರಿಂದ 25 ಸಾವಿರ ಅಡಿಗೆ ಇಳಿಯಬೇಕು. ಆದರೆ ಆ ಇಳಿತ ನಿಧಾನದ್ದು. ಓಡುವ ಎಂಜಿನ್‌ಗೆ ನಿರಂತರ ಬಲ ಕೊಟ್ಟು, ಕೆಳಗಿನ ವಿಮಾನಗಳ ದಾರಿಯಿಂದ ಪಕ್ಕಕ್ಕೆ ಸರಿದು ಇಳಿಯುತ್ತಾರೆ. ಹೊಸ ದಾರಿ, ಹೊಸ ನಿಲ್ದಾಣ ಆರಿಸಿಕೊಳ್ಳಲು ಅಷ್ಟರಲ್ಲಿ ಪುರುಸೊತ್ತು ಸಿಗುತ್ತದೆ.

ಬಾಯಿಪಾಠದ ಮೇಲೆ ಭರವಸೆಯಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದೇ ಎತ್ತರದ ಒಂದು ಪ್ರಕರಣವಿದೆ. 2001ರ ಆಗಸ್ಟ್ 24ರಂದು ಟೊರಾಂಟೋದಿಂದ ಲಿಸ್ಬನ್‌ಗೆ 306 ಜನರನ್ನು ಹೊತ್ತ ಏರ್ ಟ್ರಾನ್ಸಾಟ್‌ನ ಎ330. ಎಂಜಿನ್ ಬದಲಿಸುವಾಗ ಒಂದಕ್ಕೊಂದು ಹೊಂದದ ಕೊಳವೆಗಳನ್ನು ಕೂಡಿಸಿದ್ದರಿಂದ ಬಲ ಎಂಜಿನ್‌ನ ಇಂಧನ ಕೊಳವೆ ಉಜ್ಜಿ ಸೀಳಿತು. ಎರಡು ಬದಿಯ ಟ್ಯಾಂಕ್‌ಗಳಲ್ಲಿ ಇಂಧನ ಏರುಪೇರಾಗಿದೆ ಎಂಬ ಸೂಚನೆ ಬಂತು. ಪೈಲಟ್‌ಗಳು ಮಾಡಬೇಕಾದ್ದನ್ನು ಬರೆದಿಟ್ಟ ಪಟ್ಟಿ (ಚೆಕ್‌ಲಿಸ್ಟ್) ತೆರೆಯದೆ ನೆನಪಿನಿಂದಲೇ ಎರಡೂ ಬದಿ ಕೂಡಿಸುವ ಕವಾಟ ತೆರೆದರು. ಸೋರಿಕೆಯ ಅನುಮಾನವಿದ್ದರೆ ಇದನ್ನು ಮಾಡಬೇಡಿ ಎಂಬ ಎಚ್ಚರಿಕೆ ಪಟ್ಟಿಯಲ್ಲಿತ್ತು. ಎಡ ಟ್ಯಾಂಕಿನ ಇಂಧನವೂ ಬಲಗಡೆಯ ಸೀಳಿನಿಂದ ಅಟ್ಲಾಂಟಿಕ್‌ಗೆ ಸುರಿಯಿತು. ಎರಡೂ ಎಂಜಿನ್ ನಿಂತ ಮೇಲೆ ಸುಮಾರು 19 ನಿಮಿಷ ತೇಲಿಕೊಂಡು ಬಂದು ಅಝೋರ್ಸ್ ದ್ವೀಪಗಳ ಲಾಜೆಸ್‌ನಲ್ಲಿ ಇಳಿಸಿದ ಕೈಚಳಕ ದೊಡ್ಡದು, ಎಲ್ಲರೂ ಬದುಕಿದರು. ಆದರೆ ಒಂದು ಪುಟ ಓದಿದ್ದರೆ ಎಡ ಎಂಜಿನ್ ಓಡುತ್ತಲೇ ಇರಬಹುದಿತ್ತು.

ನಿಜವಾಗಿ ಸಮಯವಿಲ್ಲದ ಸಂದರ್ಭಗಳೂ ಇವೆ, ಬಹಳ ಅಪರೂಪಕ್ಕೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಮೇಲೆ ಸುಮಾರು 2800 ಅಡಿಯಲ್ಲಿ ಯುಎಸ್ ಏರ್‌ವೇಸ್‌ನ ಎ320ಯ ಎರಡೂ ಎಂಜಿನ್‌ಗಳಿಗೆ ಹೆಬ್ಬಾತುಗಳು ನುಗ್ಗಿದವು. ಹಡ್ಸನ್ ನದಿಗೆ ಇಳಿಯುವವರೆಗೆ ಸಿಕ್ಕಿದ್ದು ಮೂರೂವರೆ ನಿಮಿಷ. ಎರಡೂ ಎಂಜಿನ್ ನಿಂತಾಗಿನ ಪಟ್ಟಿಯನ್ನು ಬರೆದದ್ದು 20 ಸಾವಿರ ಅಡಿಗಿಂತ ಮೇಲಿನ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು; ಅದು ಮುಗಿಯುವಂತೆಯೇ ಇರಲಿಲ್ಲ. ಕ್ಯಾಪ್ಟನ್ ಸಲೆನ್‌ಬರ್ಗರ್ ಮೊದಲೇ ಮಾಡಿದ ಒಂದು ಕೆಲಸ ಎಪಿಯು ಚಾಲೂ ಮಾಡಿದ್ದು, ಪಟ್ಟಿಯಲ್ಲಿ ಅದು ಎಷ್ಟೋ ಕೆಳಗಿತ್ತು. ಅದರಿಂದ ವಿದ್ಯುತ್ ಉಳಿಯಿತು, ವಿಮಾನದ ಕಂಪ್ಯೂಟರ್‌ಗಳ ರಕ್ಷಣೆಯೂ ಉಳಿಯಿತು. 155 ಜನರೂ ಬದುಕಿದರು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇವೆ.

ಇಳಿಯುವ ಮೊದಲು ತೂಕ ತಗ್ಗಿಸಲು ಇಂಧನ ಸುರಿಯುವುದಿಲ್ಲವೇ?

ಎ320ಯಲ್ಲಿ ಇಂಧನ ಹೊರಚೆಲ್ಲುವ ವ್ಯವಸ್ಥೆಯೇ ಇಲ್ಲ. 77 ಟನ್ ಸುಮಾರಿಗೆ ಏರುವ ವಿಮಾನಕ್ಕೆ ಇಳಿಯಲು ನಿಗದಿಯಾದ ತೂಕ 66 ಟನ್ ಆಸುಪಾಸು. ತುರ್ತು ಇದ್ದರೆ ಹೆಚ್ಚು ತೂಕದಲ್ಲೇ ಇಳಿಯುತ್ತಾರೆ, ನೆಲ ಮುಟ್ಟುವಾಗ ಇಳಿವೇಗ ನಿಮಿಷಕ್ಕೆ 360 ಅಡಿ ಮೀರದಂತೆ ಮೆತ್ತಗೆ. ಆಮೇಲೆ ವಿಮಾನವನ್ನು ತಪಾಸಣೆಗೆ ಒಳಪಡಿಸುತ್ತಾರೆ. ಬೆಂಕಿ ಆರದಿದ್ದರೆ ತೂಕದ ಯೋಚನೆ ಬಿಟ್ಟು ಹತ್ತಿರದ ರನ್‌ವೇಗೆ ಹೋಗಬೇಕು. ಎಂಜಿನ್ ಆರಿ, ಬೆಂಕಿಯಿಲ್ಲದೆ ಎಲ್ಲ ಶಾಂತವಾಗಿದ್ದರೆ ಒಂದೆರಡು ಸುತ್ತು ಹಾಕಿ ಪಟ್ಟಿಗಳನ್ನೆಲ್ಲ ಮುಗಿಸಿಕೊಂಡು ಬರುವುದೇ ಮೇಲು. 2010ರ ನವೆಂಬರ್ 4ರಂದು ಸಿಂಗಪುರ ಬಿಟ್ಟ ಕ್ವಾಂಟಾಸ್ ಎ380ಯ ಒಂದು ಎಂಜಿನ್ ಸಿಡಿದು ರೆಕ್ಕೆ, ತಂತಿ, ಇಂಧನ ಟ್ಯಾಂಕ್ ಎಲ್ಲಕ್ಕೂ ಪೆಟ್ಟಾಯಿತು. ಅದರ ಪೈಲಟ್‌ಗಳು ಎಚ್ಚರಿಕೆ ಸಾಲುಗಳನ್ನು ಓದಿ ಮುಗಿಸಲು ಸುಮಾರು 50 ನಿಮಿಷ ತೆಗೆದುಕೊಂಡರು. 469 ಜನರೂ ಸುರಕ್ಷಿತವಾಗಿ ಇಳಿದರು.

ಭಾರತದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎರಡೇ ಎಂಜಿನ್‌ನ ವಿಮಾನ ಹೋಗುತ್ತದಲ್ಲ, ಸಾಗರದ ನಡುವೆ ಒಂದು ನಿಂತರೆ?

ಎರಡು ಎಂಜಿನ್‌ನ ವಿಮಾನ ತನ್ನ ದಾರಿಯುದ್ದಕ್ಕೂ, ಒಂದೇ ಎಂಜಿನ್‌ನಲ್ಲಿ ಗೊತ್ತಾದ ಸಮಯದೊಳಗೆ ಮುಟ್ಟಬಹುದಾದ ನಿಲ್ದಾಣಗಳನ್ನು ಇಟ್ಟುಕೊಂಡೇ ಹಾರಬೇಕು. ಇದನ್ನು ಇಟಾಪ್ಸ್ ನಿಯಮ ಎನ್ನುತ್ತಾರೆ. ಹಲವು ವಿಮಾನಗಳಿಗೆ ಆ ಮಿತಿ 180 ನಿಮಿಷ, ಕೆಲವಕ್ಕೆ ಇನ್ನೂ ಹೆಚ್ಚು. ಆ ನಿಲ್ದಾಣದ ಹವಾಮಾನ, ಅಲ್ಲಿಗೆ ಮುಟ್ಟಲು ಬೇಕಾದ ಇಂಧನ, ಸರಕು ಕೋಣೆಯ ಬೆಂಕಿ ನಂದಿಸುವ ಸಾಮರ್ಥ್ಯ ಎಲ್ಲವನ್ನೂ ಹೊರಡುವ ಮೊದಲೇ ಲೆಕ್ಕಹಾಕಿರುತ್ತಾರೆ. ಒಂದೇ ಮೆಕ್ಯಾನಿಕ್ ಎರಡೂ ಎಂಜಿನ್‌ಗಳಲ್ಲಿ ಒಂದೇ ಬಗೆಯ ಕೆಲಸವನ್ನು ಒಟ್ಟಿಗೆ ಮಾಡದಂತೆ ನೋಡಿಕೊಳ್ಳುವುದೂ ಈ ನಿಯಮದ ಭಾಗ: ಒಂದರಲ್ಲಿ ಮಾಡಿದ ತಪ್ಪು ಇನ್ನೊಂದರಲ್ಲೂ ಆಗಬಾರದು.

ಇಳಿದ ಮೇಲೆ ನಾವೇ ಬಾಗಿಲು ತೆಗೆದು ಹಾರಬಹುದೇ?

ಸಿಬ್ಬಂದಿ ಹೇಳದೆ ಬೇಡ. 2016ರ ಅಕ್ಟೋಬರ್ 28ರಂದು ಷಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ 767 ಟೇಕಾಫ್ ಓಟದಲ್ಲೇ ಬಲ ಎಂಜಿನ್ ಸಿಡಿದು ನಿಂತಿತು, ಬಲಗಡೆ ಬೆಂಕಿ. ಜನ ಎಡಗಡೆಯಿಂದ ಇಳಿಯತೊಡಗಿದಾಗ ಎಡ ಎಂಜಿನ್ ಇನ್ನೂ ಓಡುತ್ತಿತ್ತು. ಅದರ ಗಾಳಿಯ ಹೊಡೆತಕ್ಕೆ ಒಬ್ಬರಿಗೆ ಗಂಭೀರ ಗಾಯವಾಯಿತು. ಕೆಲವರು ಬ್ಯಾಗ್ ಹಿಡಿದೇ ಜಾರಿದರು. ವಿಮಾನ ಪೂರ್ತಿ ನಿಂತು, ಎಂಜಿನ್‌ಗಳನ್ನು ಆರಿಸಿ, ಫೈರ್ ಗುಂಡಿಗಳನ್ನು ಒತ್ತಿ, ಒಳಗಿನ ಗಾಳಿಯ ಒತ್ತಡ ಸೊನ್ನೆಯಾಗಿದೆಯೇ ನೋಡಿ ಆಮೇಲೆ ಪೈಲಟ್ ಇಳಿಯಲು ಆದೇಶ ಕೊಡುತ್ತಾರೆ. ಯಾವ ಬದಿಯ ಬಾಗಿಲು ಎಂಬುದನ್ನು ಸಿಬ್ಬಂದಿ ಕಿಟಕಿಯಲ್ಲಿ ಬೆಂಕಿ ನೋಡಿ ತೀರ್ಮಾನಿಸುತ್ತಾರೆ. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್‌ನಲ್ಲಿ ಬ್ರಿಟಿಷ್ ಏರ್‌ಟೂರ್ಸ್‌ನ 737 ಉರಿಯುವ ಎಂಜಿನ್‌ನೊಂದಿಗೆ ರನ್‌ವೇಯಿಂದ ಪಕ್ಕಕ್ಕೆ ತಿರುಗಿ ನಿಂತಾಗ ಗಾಳಿ ಬೆಂಕಿಯನ್ನು ವಿಮಾನದ ಮೈಮೇಲೇ ತಂದಿತು. 55 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೊಗೆಯಿಂದ. ಅದಾದ ಮೇಲೆ ರನ್‌ವೇ ಮೇಲೇ ನಿಲ್ಲಿಸುವುದು, ಗಾಳಿಯ ದಿಕ್ಕು ನೋಡುವುದು ತರಬೇತಿಯಲ್ಲಿ ಗಟ್ಟಿಯಾಗಿ ಸೇರಿತು. ಹೊಗೆಯಿದ್ದರೆ ತಲೆ ತಗ್ಗಿಸಿ, ಬ್ಯಾಗ್ ಬಿಟ್ಟು, ಬಾಗಿಲಿಗೆ ಎಷ್ಟು ಸಾಲು ಎಂದು ಮೊದಲೇ ಎಣಿಸಿಟ್ಟುಕೊಂಡಿದ್ದನ್ನು ಕೈಯಿಂದ ಸವರಿ ಎಣಿಸುತ್ತಾ ಹೋಗಿ.

ಇನ್ನೂ ಗೇಟಿನಲ್ಲಿ ಎಂಜಿನ್ ಚಾಲೂ ಮಾಡುವಾಗ ಹಿಂದಿನಿಂದ ಬೆಂಕಿ ಬಂದರೆ?

ಅದು ಹೆಚ್ಚಾಗಿ ಟೇಲ್‌ಪೈಪ್ ಬೆಂಕಿ. ಒಳಗೆ ನಿಂತ ಇಂಧನ ಹೊಗೆಗೊಳವೆಯಲ್ಲಿ ಹೊತ್ತಿಕೊಳ್ಳುತ್ತದೆ. ಬೆಂಕಿ ಪತ್ತೆಯ ಸರಪಣಿ ಎಂಜಿನ್‌ನ ಹೊರಮೈಯಲ್ಲಿರುವುದರಿಂದ ಗಂಟೆ ಹೊಡೆಯುವುದಿಲ್ಲ, ಕೆಳಗಿನ ಸಿಬ್ಬಂದಿಯೇ ಕೂಗಿ ಹೇಳಬೇಕು. ಇಲ್ಲಿ ಫೈರ್ ಗುಂಡಿ ಒತ್ತುವುದೇ ತಪ್ಪು. ಒತ್ತಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗೆ ವಿದ್ಯುತ್ ಹೋಗಿ, ಎಂಜಿನ್ ತಿರುಗಿಸಲು ಆಗುವುದಿಲ್ಲ. ಬಾಟಲಿಯ ಹ್ಯಾಲಾನ್ ಕೂಡ ಹೊಗೆಗೊಳವೆಯ ಒಳಗೆ ತಲುಪುವುದಿಲ್ಲ. ಮಾಸ್ಟರ್ ಸ್ವಿಚ್ ಆಫ್ ಮಾಡಿ ಇಂಧನ ನಿಲ್ಲಿಸಿ, ಸ್ಟಾರ್ಟರ್‌ನಿಂದ ಎಂಜಿನ್ ಬರಿದೇ ತಿರುಗಿಸುತ್ತಾ ಇರಬೇಕು. ಉಳಿದ ಇಂಧನ ಉರಿದು ಗಾಳಿಯೊಡನೆ ಹೊರಗೆ ಹೋಗುತ್ತದೆ. ಹೊರಗಿನಿಂದ ನೊರೆ ಅಥವಾ ಪುಡಿ ಸಿಡಿಸುವುದು ಕೊನೆಯ ಉಪಾಯ. ಅದು ಒಳಗಿನ ಲೋಹವನ್ನು ತಿನ್ನುವುದರಿಂದ ಆಮೇಲೆ ಎಂಜಿನ್ ಕಳಚಿ ನೋಡದೆ ಹಾರಿಸುವಂತಿಲ್ಲ.